ಹದಿನಾರು ಚುಕ್ಕಿಗಳ ಬನಿಯನ್

ಗ್ರಹಗಳೂ ಒಮ್ಮೊಮ್ಮೆ ವಕ್ರಗತಿ ಹಿಡಿದು ಹಿಂದಕ್ಕೆ ನಡೆಯುತ್ತವೆ ಎಂದು ಪಂಚಾಂಗ ಹೇಳುತ್ತದೆ. ಚೆನ್ನಕೇಶವನ್ ಎಂದೂ ಹಿಂದಕ್ಕೆ ನಡೆದವನಲ್ಲ. ಕೊಯಮತ್ತೂರಿನ ಕ್ರಾಸ್‌ಕಟ್ ರಸ್ತೆಯ ಒಂದು ಮೂರನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಒಂದೇ ಕುರ್ಚಿಯಲ್ಲಿ ಹತ್ತು ವರ್ಷ ಕೂತು, ಕಂಪ್ಯೂಟರ್ ಪರದೆಯ ಮೇಲೆ ಲಕ್ಷಗಟ್ಟಲೆ ಆಕಾರಗಳನ್ನು ಬಿಡಿಸಿದ ಈ ವೀರ, ಅವುಗಳಲ್ಲಿ ಒಂದನ್ನಾದರೂ ಅಪ್ರದಕ್ಷಿಣೆಯಾಗಿ ಸುತ್ತಲಿಲ್ಲ. ಎಣ್ಣೆ ಬಾಟಲಿಯಿರಲಿ, ಚಿನ್ನದ ಜುಮುಕಿಯಿರಲಿ, ಬಾವಿಗೆ ಇಳಿಸುವ ಮೋಟಾರ್ ಪಂಪಿರಲಿ, ಮೇಲೆ ಬಲ ಮೂಲೆಯಿಂದ ಹೊರಟು, ಗಡಿಯಾರದ ಮುಳ್ಳಿನ ಹಾಗೆ ಇಳಿದು, ಕೆಳಗೆ ಸುತ್ತಿ, ಎಡಗಡೆಯಿಂದ ಏರಿ, ಹೊರಟಲ್ಲಿಗೇ ಬಂದು ಸೇರುತ್ತಿದ್ದ.

ಒಮ್ಮೆ ಹೊರಗಿನವನೊಬ್ಬ ತೆಂಗಿನೆಣ್ಣೆ ಬಾಟಲಿಯೊಂದನ್ನು ಎಡಕ್ಕೆ ಸುತ್ತಿ ಬಿಡಿಸಿಟ್ಟು ಹೋಗಿದ್ದ. ಚೆನ್ನಕೇಶವನ್ ಅದನ್ನು ನೋಡಿದ, ಅಳಿಸಿದ, ಒಂದೂವರೆ ಗಂಟೆ ಕೂತು ಬಲಕ್ಕೆ ಸುತ್ತಿ ಮತ್ತೆ ಬಿಡಿಸಿದ. ಬಾಟಲಿ ಮೊದಲಿದ್ದ ಹಾಗೇ ಕಾಣುತ್ತಿತ್ತು.

ಇಷ್ಟು ಸಿಕ್ಕರೆ ಪುರಾಣ ಕಟ್ಟಲು ಇನ್ನೇನು ಬೇಕು. ಧ್ವನಿ ವಿಭಾಗದ ಕುಪ್ಪುಸಾಮಿಯ ಪ್ರಕಾರ, ಚೆನ್ನಕೇಶವನ್ ಹಿಂದೆ ಒಂದೇ ಒಂದು ಸಲ ಎಡಕ್ಕೆ ಸುತ್ತಿದ್ದನಂತೆ, ಆ ಜಾಹೀರಾತಿನಲ್ಲಿದ್ದ ಎತ್ತು ವಾರದೊಳಗೆ ಸತ್ತಿತಂತೆ. ಸ್ಟುಡಿಯೋದ ಯಜಮಾನ ವೇಲುಸಾಮಿಯ ಆವೃತ್ತಿ ಇನ್ನೂ ಭಕ್ತಿಪೂರ್ಣವಾದದ್ದು: ಚಿಕ್ಕಂದಿನಲ್ಲಿ ಮಾತು ನಿಂತುಹೋಗಿದ್ದ ಮಗುವನ್ನು ಮರುದಮಲೈ ಬೆಟ್ಟಕ್ಕೆ ಹೊತ್ತುಕೊಂಡು ಹೋಗಿದ್ದರು, ದೇವರು ಮಾತು ಕೊಟ್ಟ, ಮಗು ಅಂದಿನಿಂದ ಬಲಕ್ಕಲ್ಲದೆ ಸುತ್ತುವುದಿಲ್ಲವೆಂದು ಹರಕೆ ಹೊತ್ತಿತು. ಈ ಕತೆಯನ್ನು ವೇಲುಸಾಮಿ ಹೊಸ ಗಿರಾಕಿಗಳಿಗೆ ಕಾಫಿಯ ಜೊತೆಗೆ ಬಡಿಸುತ್ತಿದ್ದ. ಗಿರಾಕಿಗಳು ಗಾಜಿನ ಬಾಗಿಲ ಆಚೆ ಕೂತ ಬೆನ್ನನ್ನು ಗೌರವದಿಂದ ನೋಡಿ ಹೋಗುತ್ತಿದ್ದರು. ಬೆನ್ನಿಗೆ ಮಾತ್ರ ಈ ಸಂಗತಿ ಗೊತ್ತಿರಲಿಲ್ಲ.

ಅವನ ಕೆಲಸಕ್ಕೆ ಮಾಸ್ಕ್ ಎಂದು ಹೆಸರು. ಚಲಿಸುವ ಚಿತ್ರದಲ್ಲಿ ಬೇಕಾದಷ್ಟನ್ನು ಉಳಿಸಿ ಮಿಕ್ಕಿದ್ದನ್ನು ಮರೆಮಾಡಲು ಹಾಕುವ ಬೇಲಿ ಅದು. ಬೇಲಿಗೆ ಗೂಟವಿದ್ದ ಹಾಗೆ ಮಾಸ್ಕಿಗೆ ಚುಕ್ಕಿಗಳು. ಪ್ರತಿ ಚುಕ್ಕಿಗೂ ಎರಡು ಮೀಸೆ, ಮೀಸೆ ಎಳೆದರೆ ಗೆರೆ ಬಾಗುತ್ತದೆ. ಚಿತ್ರ ಸೆಕೆಂಡಿಗೆ ಇಪ್ಪತ್ತೈದು ಸಲ ಬದಲಾಗುತ್ತದೆಯಾದ್ದರಿಂದ ಗೂಟಗಳನ್ನೂ ಇಪ್ಪತ್ತೈದು ಸಲ ಕಿತ್ತು ನೆಡಬೇಕು. ಹತ್ತು ವರ್ಷ ಇದನ್ನೇ ಮಾಡಿದ ಮನುಷ್ಯನನ್ನು ಋಷಿ ಎನ್ನಬಹುದು, ಇಲ್ಲವೇ ಬೇರೆ ಕೆಲಸ ಗೊತ್ತಿಲ್ಲದವನು ಎನ್ನಬಹುದು. ಚೆನ್ನಕೇಶವನ್ ಎರಡನೆಯ ಜಾತಿ. ನಲವತ್ತಮೂರು ವರ್ಷ, ಮದುವೆಯಿಲ್ಲ, ಸಾಯಿಬಾಬಾ ಕಾಲೊನಿಯ ಮನೆಯಲ್ಲಿ ತಾಯಿ ಸುಶೀಲಮ್ಮ. ಅಜ್ಜನ ಕಾಲಕ್ಕೆ ಮೈಸೂರು ಕಡೆಯಿಂದ ಬಂದ ಮನೆತನ. ಅಜ್ಜ ರೈಲ್ವೆಯಲ್ಲಿ, ಅಪ್ಪ ಕಾಲೇಜಿನಲ್ಲಿ ಲೆಕ್ಕದ ಪ್ರೊಫೆಸರು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತಮಿಳು. ಕನ್ನಡ ಅಕ್ಷರ ಓದಲು ಮಗನಿಗೆ ಬಾರದು. ಪ್ಲಸ್ ಟುವಿನಲ್ಲಿ ಎರಡು ಸಲ, ಅದೂ ಲೆಕ್ಕದಲ್ಲೇ ಫೇಲಾದ ಮೇಲೆ ಅವನು ಆರು ವರ್ಷ ತಿರುಪ್ಪೂರಿನಲ್ಲಿದ್ದ. ಅಲ್ಲಿ ಏನು ಮಾಡುತ್ತಿದ್ದ ಎಂದು ನೆಂಟರು ಕೇಳಿದರೆ ಅಪ್ಪ "ಟೆಕ್ಸ್‌ಟೈಲ್ ಲೈನು" ಎಂದು ಹೇಳಿ ಫ್ಯಾನಿನ ವೇಗ ಹೆಚ್ಚಿಸುತ್ತಿದ್ದರು.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಈ ವೀರನ ಬಲಗೈ ಅವನನ್ನು ಬಿಟ್ಟುಹೋಗತೊಡಗಿತು.

ಮೊದಲು ಹೆಬ್ಬೆರಳು ಜುಮ್ಮೆಂದಿತು. ಆಮೇಲೆ ತೋರುಬೆರಳು, ನಡುಬೆರಳು. ಮೌಸಿನ ಗುಂಡಿ ಒತ್ತಿದೆನೋ ಇಲ್ಲವೋ ಎಂಬುದು ಬೆರಳಿಗೆ ತಿಳಿಯದೆ ಕಿವಿಯಿಂದ ತಿಳಿಯಬೇಕಾಯಿತು. ಅಂಗಿಯ ಗುಂಡಿ ಹಾಕಲು ಕಾಲು ಗಂಟೆ ಹಿಡಿಯತೊಡಗಿದಾಗ ಅವನು ಗುಂಡಿಯಿಲ್ಲದ ಟೀ ಶರ್ಟಿಗೆ ಬದಲಾದ. ಸ್ಟುಡಿಯೋದವರು ಕೇಶವಣ್ಣನಿಗೆ ಈ ವಯಸ್ಸಿನಲ್ಲಿ ಯೌವನ ಬಂತೆಂದು ಆಡಿಕೊಂಡರು. ಕಾಫಿ ಲೋಟ ಎಡಗೈಗೆ ಹೋಯಿತು. ಊಟಕ್ಕೆ ಚಮಚ ಬಂತು. ಸುಶೀಲಮ್ಮ ಏನೂ ಕೇಳಲಿಲ್ಲ. ಚಪಾತಿ ನಿಲ್ಲಿಸಿ ದಿನವೂ ಅಕ್ಕಿ, ಬೇಳೆ ಒಟ್ಟಿಗೆ ಬೇಯಿಸಿದ ಅನ್ನ ಮಾಡತೊಡಗಿದರು. ಅದನ್ನು ಚಮಚದಲ್ಲಿ ತಿಂದರೆ ಯಾರಿಗೂ ಅನುಮಾನ ಬರುವುದಿಲ್ಲ. ತಾಯಿ, ಮಗ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಒಂದೂವರೆ ತಿಂಗಳು ಅದೇ ಅನ್ನ ತಿಂದರು.

ಆ ಹೊತ್ತಿಗೆ ಸೆಲ್ಲಪ್ಪನ್ ಬಂದರು. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಇಟ್ಟವರು, ಬಿಳಿ ಅಂಗಿ, ಬಿಳಿ ಪಂಚೆ, ಅರವತ್ತೈದರ ಮೇಲೆ ವಯಸ್ಸು. ಹನ್ನೆರಡು ದಿನಕ್ಕೆ ತಿರುಪ್ಪೂರಿನಲ್ಲಿ ಬನಿಯನ್ ವ್ಯಾಪಾರದ ದೊಡ್ಡ ಪ್ರದರ್ಶನವಿತ್ತು. ಅಲ್ಲಿ ತಮ್ಮ ಮಳಿಗೆಯಲ್ಲಿ ಹಾಕಲು ನಲವತ್ತು ಸೆಕೆಂಡಿನ ಒಂದು ಚಿತ್ರ ಬೇಕು ಎಂದರು. ಕಲ್ಪನೆ ಅವರದೇ. ಕಪ್ಪು ಪರದೆಯ ಮೇಲೆ ಒಂದು ಬನಿಯನ್ನಿನ ಆಕಾರ. ಆಕಾರದೊಳಗೆ ಒಬ್ಬ ಮನುಷ್ಯನ ಬಾಳು ಓಡುತ್ತದೆ: ತೊಟ್ಟಿಲು, ಶಾಲೆ, ಮದುವೆ, ಮೊಮ್ಮಗು. ಒಳಗೆ ಬಾಳು ಓಡಿದ ಹಾಗೆ ಹೊರಗೆ ಬನಿಯನ್ ಬೆಳೆಯುತ್ತದೆ, ಹಸುಗೂಸಿನ ಸೈಜಿನಿಂದ ಅಜ್ಜನ ಸೈಜಿನವರೆಗೆ. ಬರೀ ಬೆಳೆದರೆ ಸಾಲದು. ಒಳಗೆ ಜೀವವಿದೆಯೆನ್ನುವಂತೆ ಎದೆ ಏರಿ ಇಳಿಯಬೇಕು, ತೋಳು ಬೀಸಬೇಕು, ಕೊನೆಗೆ ಅಂಚಿನ ಕೆಳಗೆ ಕಂಪನಿಯ ಹೆಸರು, ಎಂದರೆ ಅವರದೇ ಹೆಸರು, ಬೆಳಗಬೇಕು. ವೇಲುಸಾಮಿ ಮರುದಮಲೈ ಕತೆ ಹೇಳಿದ. ಸೆಲ್ಲಪ್ಪನ್ ಗಾಜಿನಾಚೆಯ ಬೆನ್ನಿಗೆ ಕೈ ಮುಗಿದು, ಕೆಲಸ ಇವರೇ ಮಾಡಬೇಕೆಂದು ಹೇಳಿ ಹೋದರು.

ಗಿರಾಕಿ ಹೋದ ಮೇಲೆ ವೇಲುಸಾಮಿ ಚೆನ್ನಕೇಶವನ್ನನ ಮೇಜಿನ ಅಂಚಿಗೆ ಒರಗಿ ನಿಂತ. ಎರಡು ತಿಂಗಳಿಂದ ಕೆಲಸ ತಡವಾಗುತ್ತಿರುವುದನ್ನು ಅವನು ಗಮನಿಸಿದ್ದ. ಕೆಟ್ಟ ಮನುಷ್ಯನಲ್ಲ; ಅದಕ್ಕೇ ನಿಧಾನವಾಗಿ ಹೇಳಿದ. ಚೆನ್ನೈಯಲ್ಲಿ ಕೋರ್ಸ್ ಮುಗಿಸಿದ ಇಬ್ಬರನ್ನು ನೋಡಿಟ್ಟಿದ್ದೇನೆ, ಈ ಕೆಲಸ ಹೊತ್ತಿಗೆ ಮುಗಿಯದಿದ್ದರೆ ಒಂದನೇ ತಾರೀಖಿನಿಂದ ಅವರು ಈ ಕುರ್ಚಿಯಲ್ಲಿ ಕೂರುತ್ತಾರೆ, ನಿಮಗೆ ಕೆಳಗಿನ ಮಹಡಿಯ ಮದುವೆ ಆಲ್ಬಮ್ ವಿಭಾಗದಲ್ಲಿ ಮೇಲ್ವಿಚಾರಣೆ ಎಂದ. ಮೇಲ್ವಿಚಾರಣೆಯೆಂದರೆ ಆಲ್ಬಮ್ಮಿಗೆ ರಟ್ಟು ಅಂಟಿಸುವವರ ಪಕ್ಕದಲ್ಲಿ ನಿಲ್ಲುವುದು.

ಚೆನ್ನಕೇಶವನ್ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, "ಮುಗಿಸ್ತೀನಿ ಮೊದಲಾಳಿ" ಎಂದ.

ಮುಗಿಸುವುದು ಏನೆಂದರೆ, ಬನಿಯನ್ನಿನ ಸುತ್ತ ಹದಿನಾರು ಚುಕ್ಕಿ, ನಲವತ್ತು ಸೆಕೆಂಡಿಗೆ ಸಾವಿರ ಚಿತ್ರ. ಹದಿನಾರು ಸಾವಿರ ಚುಕ್ಕಿ, ಮೂವತ್ತೆರಡು ಸಾವಿರ ಮೀಸೆ. ಅಲ್ಲಲ್ಲಿ ಗೂಟ ನೆಟ್ಟು ನಡುವಿನದನ್ನು ಸಾಫ್ಟ್‌ವೇರಿಗೆ ಬಿಟ್ಟರೆ ಅದು ತುಂಬಿಕೊಡುತ್ತದೆ, ಆದರೆ ಆಗ ತೋಳುಗಳು ತಗಡಿನ ಹಾಗೆ ಸರಿಯುತ್ತವೆ, ಉಸಿರು ಇರುವುದಿಲ್ಲ. ಬೆಳಿಗ್ಗೆ ಆರಕ್ಕೇ ಬಂದು ಬಾಗಿಲು ತೆಗೆಸಿ ಕೂತ. ಮೂರು ದಿನ ಹೋರಾಡಿದ. ಮೂರನೆಯ ಸಂಜೆ ಎಣಿಸಿದರೆ ಅರವತ್ತೊಂದು ಚಿತ್ರವಾಗಿತ್ತು, ಅದರಲ್ಲೂ ಒಂಬತ್ತರಲ್ಲಿ ಬೆರಳು ತಿಳಿಯದೆ ಜಾರಿ ಕಂಕುಳಿನ ಚುಕ್ಕಿ ಹೊಟ್ಟೆಯ ಹತ್ತಿರ ಬಿದ್ದಿತ್ತು. ಮಗು ಉಸಿರಾಡುತ್ತಿರಲಿಲ್ಲ, ಅದಕ್ಕೆ ಚಳಿಜ್ವರ ಬಂದಿತ್ತು.

ನಾಲ್ಕನೆಯ ದಿನ ಅವನು ವೈದ್ಯರ ಹತ್ತಿರ ಹೋದ. ಕೊಯಮತ್ತೂರಿನಲ್ಲಿ ಕೈ ನೋಡುವ ವೈದ್ಯರಿಗೆ ಬರವಿಲ್ಲ. ಆದರೆ ಯಾರಾದರೂ ನೋಡಿಬಿಟ್ಟರೆ? ಆದ್ದರಿಂದ ಊರು ದಾಟಿ, ಪಾಲಕ್ಕಾಡ್ ರಸ್ತೆ ಹಿಡಿದು, ಸಿಮೆಂಟ್ ಧೂಳಿನ ಮದುಕ್ಕರೈವರೆಗೆ ಹೋದ. ಲಾರಿ ಡ್ರೈವರುಗಳ ಬೆನ್ನು ನೋಡುವ ವೈದ್ಯರು ಅವನ ಮಣಿಕಟ್ಟನ್ನು ತಟ್ಟಿ, ಒಳಗೆ ನರ ಹಿಸುಕಿಕೊಂಡಿದೆ, ಆರು ವಾರ ಮೌಸು ಮುಟ್ಟಬೇಡಿ ಎಂದರು. ಒಂದು ನೀಲಿ ಪಟ್ಟಿ ಕೊಟ್ಟರು. ಅವನ ಹತ್ತಿರ ಎಂಟು ದಿನವಿತ್ತು.

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಧೈರ್ಯವಾಗಿ ಪಟ್ಟಿ ಕಟ್ಟಿಕೊಂಡ. ಕುನಿಯಮುತ್ತೂರಿನಲ್ಲಿ ಬಸ್ಸು ನಿಂತಿತು, ಶ್ರೀವಾಣಿ ಹತ್ತಿದಳು.

ಶ್ರೀವಾಣಿ ಅದೇ ಸ್ಟುಡಿಯೋದಲ್ಲಿ ಕಂಪನಿಗಳಿಗೆ ವೆಬ್‌ಸೈಟ್ ಮಾಡುವ ಇಂಜಿನಿಯರು. ಚಿತ್ರದುರ್ಗದವಳು, ಬಂದು ಏಳು ತಿಂಗಳು, ತಮಿಳು ಇನ್ನೂ ಕುಂಟುತ್ತಿತ್ತು. ಇಡೀ ಮಹಡಿಯಲ್ಲಿ ಅವಳಿಗೆ ಕನ್ನಡ ಆಡಲು ಸಿಕ್ಕವನು ಚೆನ್ನಕೇಶವನ್ ಒಬ್ಬನೇ. ಅವಳು ಪಕ್ಕದಲ್ಲೇ ಕೂತಳು. ಅವನು ಕೈಯನ್ನು ಚೀಲದೊಳಗೆ ತೂರಿಸಿದ. ತಡವಾಗಿತ್ತು.

"ಕೇಶವಣ್ಣ, ಕೈಗೇನಾಯ್ತು?"

"ಒಂದೂ ಇಲ್ಲೆ ವಾಣಿ ಮಾ. ಸುಮ್ನೆ ಹಾಕ್ಕೊಂಡೆ."

"ಯಾರಾದ್ರೂ ಸುಮ್ನೆ ಹಾಕ್ಕೋತಾರಾ ಅದನ್ನ? ನಮ್ಮ ದೊಡ್ಡಪ್ಪನಿಗೂ ಇತ್ತು. ಆಪರೇಷನ್ ಆಯ್ತು."

ಉಕ್ಕಡಂ ಬರುವುದರೊಳಗೆ ಅವನು ಎಲ್ಲ ಹೇಳಿಬಿಟ್ಟಿದ್ದ: ಬೆರಳು, ಗುಂಡಿ, ಅಕ್ಕಿ-ಬೇಳೆ ಅನ್ನ, ಒಂದನೇ ತಾರೀಖು, ರಟ್ಟಿನ ವಿಭಾಗ. ಮೀನು ಮಾರುಕಟ್ಟೆಯ ವಾಸನೆ ಬಸ್ಸಿನೊಳಗೆ ಬಂದಾಗ ಅವನು ಕೊನೆಯ ಮಾತು ಹೇಳಿದ. "ನಂಗೆ ಬೇರೆ ಕೆಲಸ ತಿಳಿಯಾದು ಮಾ. ಆ ಕುರ್ಚಿ ಹೋದ್ರೆ ನಾನು ಯಾರೂ ಅಲ್ಲ."

ಶ್ರೀವಾಣಿ ಕಿಟಕಿಯಾಚೆ ಉಕ್ಕಡಂ ಕೆರೆಯ ಕಡೆ ನೋಡಿದಳು. ಆಮೇಲೆ, ನೀವು ಚುಕ್ಕಿಯನ್ನು ಕೈಯಲ್ಲೇ ಏಕೆ ಎಳೆಯಬೇಕು ಎಂದು ಕೇಳಿದಳು. ಅವನ ಸಾಫ್ಟ್‌ವೇರಿನ ಹೊಸ ಆವೃತ್ತಿಗಳು ಸ್ಕ್ರಿಪ್ಟ್ ಒಪ್ಪುತ್ತವೆ. ಯಾವ ಚುಕ್ಕಿ ಯಾವ ಕ್ಷಣಕ್ಕೆ ಎಲ್ಲಿರಬೇಕು, ಅದರ ಮೀಸೆ ಎತ್ತ ತಿರುಗಿರಬೇಕು ಎಂದು ಬರೆದುಕೊಟ್ಟರೆ ಅದೇ ಸಾವಿರ ಸಲ ನೆಟ್ಟುಕೊಳ್ಳುತ್ತದೆ. ತಾನು ಮಾಸ್ಕಿಗೆ ಬರೆದಿಲ್ಲ, ಆದರೆ ಭಾಷೆ ವೆಬ್‌ಸೈಟಿನಲ್ಲಿ ಬಳಸುವಂಥದ್ದೇ.

ಚೆನ್ನಕೇಶವನ್ ಅವಳನ್ನು ನೋಡಿದ ನೋಟ, ಮುಳುಗುವವನು ಹಗ್ಗವನ್ನು ನೋಡುವ ನೋಟವಾಗಿರಲಿಲ್ಲ. ಹಗ್ಗಕ್ಕೆ ಇನ್‌ಸ್ಟ್ರಕ್ಷನ್ ಪುಸ್ತಕವಿದೆಯೆಂದು ತಿಳಿದವನ ನೋಟವಾಗಿತ್ತು. ಲೆಕ್ಕದಲ್ಲಿ ಎರಡು ಸಲ ಫೇಲಾದವನಲ್ಲವೇ.

ಮರುದಿನ ಬೆಳಿಗ್ಗೆ ಆರೂವರೆಗೆ ಇಬ್ಬರೂ ಕೂತರು. ಅವನು ಮೊದಲೇ ಬಿಡಿಸಿಟ್ಟಿದ್ದ ಹಸುಗೂಸಿನ ಬನಿಯನ್ ಮೇಲೆ ಅವಳು ಮೊದಲ ಸ್ಕ್ರಿಪ್ಟ್ ಓಡಿಸಿದಳು. ಬನಿಯನ್ ಒಂದು ಕ್ಷಣ ನಿಂತಿತು, ಆಮೇಲೆ ಒದ್ದೆ ಬಟ್ಟೆಯನ್ನು ಇಬ್ಬರು ಎರಡು ಕಡೆ ಹಿಡಿದು ಹಿಂಡಿದ ಹಾಗೆ ತಿರುಚಿಕೊಂಡು ಹಗ್ಗವಾಯಿತು. ಶ್ರೀವಾಣಿ ತಲೆ ಹಿಡಿದುಕೊಂಡಳು. ಚೆನ್ನಕೇಶವನ್ ಪರದೆ ನೋಡಿದ ಕೂಡಲೇ ರೋಗ ಹೇಳಿದ: ಚುಕ್ಕಿಗಳಿಗೆ ಅವಳು ಎಡಕ್ಕೆ ಸುತ್ತಿ ನಂಬರು ಕೊಟ್ಟಿದ್ದಳು, ಅವನ ಮಾಸ್ಕು ಬಲಕ್ಕೆ ಸುತ್ತಿತ್ತು, ಬಲ ಭುಜ ಎಡ ಭುಜಕ್ಕೆ ಓಡಲು ಹೋಗಿ ಎಲ್ಲ ಒಂದರ ಮೇಲೊಂದು ಹತ್ತಿದ್ದವು.

"ನಂಗೆ ಕಾಲೇಜಲ್ಲಿ ಕೋನ ಎಲ್ಲ ಎಡಕ್ಕೇ ಅಳೆಯೋಕೆ ಹೇಳ್ಕೊಟ್ಟಿದ್ದು. ನೀವ್ಯಾಕೆ ಯಾವಾಗ್ಲೂ ಬಲಕ್ಕೆ? ಹರಕೆ ಅಂತಾರಲ್ಲ, ನಿಜಾನಾ?"

"ಯಾರು ಹೇಳಿದ್ರು?" ಎಂದ ಚೆನ್ನಕೇಶವನ್, ನಿಜವಾಗಿಯೂ ಬೆರಗಾಗಿ. ಆದರೆ ಏಳೇ ದಿನ ಉಳಿದಿತ್ತು, ಆ ಮಾತು ಅಲ್ಲಿಗೇ ನಿಂತಿತು. ಅವಳು ನಂಬರು ತಿರುಗಿಸಿದಳು.

ಈಗ ಬನಿಯನ್ ತಿರುಚಿಕೊಳ್ಳದೆ ಬೆಳೆಯಿತು. ಬೆಳೆಯಿತು ಎಂದರೆ ದೊಡ್ಡದಾಯಿತು, ಅಷ್ಟೆ. ಹಸುಗೂಸಿನ ಬನಿಯನ್ನನ್ನು ಎಲ್ಲ ಕಡೆ ಒಂದೇ ಸಮ ಹಿಗ್ಗಿಸಿದರೆ ಅಜ್ಜನ ಬನಿಯನ್ ಆಗುವುದಿಲ್ಲ. ಮಗುವಿಗೆ ತಲೆ ದೊಡ್ಡದು, ಕತ್ತಿನ ತೂತು ಮೈಗೆ ಹೋಲಿಸಿದರೆ ವಿಶಾಲ. ಅದೇ ಲೆಕ್ಕದಲ್ಲಿ ಹಿಗ್ಗಿದಾಗ ಅಜ್ಜನ ಕತ್ತಿನ ಜಾಗದಲ್ಲಿ ಬಾವಿ ತೆರೆಯಿತು. ಅದರೊಳಗಿನಿಂದ ಮೊಮ್ಮಗುವಿನ ನಾಮಕರಣ ಕಾಣುತ್ತಿತ್ತು. ಯಾವ ಚುಕ್ಕಿ ಎಷ್ಟು ಸರಿಯಬೇಕು ಎಂದು ನನಗೆ ಗೊತ್ತಿಲ್ಲ, ಅದನ್ನು ಯಾರು ಹೇಳುತ್ತಾರೆ ಎಂದು ಶ್ರೀವಾಣಿ ಕೈ ಚೆಲ್ಲಿದಳು. ಭಾಷೆಯಿತ್ತು, ಹೇಳಲು ಅಂಕಿಯಿರಲಿಲ್ಲ. ಇಬ್ಬರೂ ಬಾವಿಯನ್ನು ನೋಡುತ್ತ ಕೂತರು. ಕೆಳಗೆ ರಸ್ತೆಯಲ್ಲಿ ಅಂಗಡಿಗಳ ಷಟರ್ ಏಳತೊಡಗಿದವು. ಇನ್ನು ಅರ್ಧ ಗಂಟೆಗೆ ವೇಲುಸಾಮಿ ಬರುತ್ತಾನೆ.

ಆಗ ನಮ್ಮ ವೀರ ಇಪ್ಪತ್ತು ವರ್ಷ ಯಾರಿಗೂ ಹೇಳದ ಮಾತನ್ನು ಗೋಡೆಗೆ ಹೇಳಿದ.

"ಎಂಬತ್ತರಿಂದ ಎಂಬತ್ತೈದಕ್ಕೆ ಎದೆ ಅರ್ಧಕ್ಕೆ ಎರಡೂವರೆ ಸೆಂಟಿಮೀಟರ್. ಭುಜ ಒಂದು. ಉದ್ದ ಎರಡು. ಕತ್ತಿನ ಆಳ ಕಾಲೇ ಕಾಲು. ಮಕ್ಕಳ ಸೈಜಲ್ಲಿ ಬೇರೆ ಮಾ. ಅಲ್ಲಿ ಉದ್ದ ಜಾಸ್ತಿ ಓಡುತ್ತೆ."

ಶ್ರೀವಾಣಿ ತಿರುಗಿ ನೋಡಿದಳು. ಅವನು ಕಣ್ಣು ಮುಚ್ಚಿದ್ದ. ಆ ಆರು ವರ್ಷದ ಟೆಕ್ಸ್‌ಟೈಲ್ ಲೈನು ಎಂದರೆ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಕಟಿಂಗ್ ಟೇಬಲ್ಲು. ರಾಮಲಿಂಗಂ ಎಂಬ ಮಾಸ್ಟರ್ ಕೈಕೆಳಗೆ, ರಟ್ಟಿನ ಮಾದರಿಯನ್ನು ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುವ ಕೆಲಸ. ಒಂದು ಸೈಜಿನ ಮಾದರಿಯಿಂದ ಮುಂದಿನ ಸೈಜು ತೆಗೆಯಲು ಪ್ರತಿ ಮೂಲೆಯನ್ನು ಎಷ್ಟು ಸರಿಸಬೇಕೆಂಬ ಪಟ್ಟಿಯನ್ನು ಮಾಸ್ಟರ್ ದಿನಾ ಬೆಳಿಗ್ಗೆ ಒಪ್ಪಿಸುತ್ತಿದ್ದರು. ನಲವತ್ತರಿಂದ ನೂರಹತ್ತರವರೆಗೆ ಹದಿನೈದು ಸೈಜು. ಲೆಕ್ಕದ ಪ್ರೊಫೆಸರರ ಮಗನಿಗೆ ಬಂದ ಲೆಕ್ಕ ಅದೊಂದೇ, ಅದನ್ನೇ ಮನೆಯವರು ಮುಚ್ಚಿಟ್ಟಿದ್ದರು.

ಅಲ್ಲಿಂದ ಐದು ಬೆಳಿಗ್ಗೆ ಅವನು ಕಣ್ಣು ಮುಚ್ಚಿ ಹೇಳುತ್ತಿದ್ದ, ಅವಳು ಟೈಪು ಮಾಡುತ್ತಿದ್ದಳು. ಹದಿನಾರು ಚುಕ್ಕಿ, ಹದಿನೈದು ಸೈಜು. ಎರಡು ಸೈಜಿನ ನಡುವಿನ ಕ್ಷಣಗಳನ್ನು ಸ್ಕ್ರಿಪ್ಟ್ ಪಾಲು ಹಾಕಿಕೊಂಡಿತು. ಎದೆಯ ಏರಿಳಿತಕ್ಕೂ ತೋಳಿನ ಬೀಸಿಗೂ ಅವಳು ಅಲೆಯ ಸೂತ್ರವೊಂದನ್ನು ಬೆರೆಸಿದಳು. ಮಗುವಿಗೆ ಬೇಗ ಬೇಗ, ಅಜ್ಜನಿಗೆ ನಿಧಾನ. ಹಗಲೆಲ್ಲ ಅವನು ವೇಲುಸಾಮಿಗೆ ಕಾಣುವ ಹಾಗೆ ಮೌಸಿನ ಮೇಲೆ ಕೈಯಿಟ್ಟು ಕೂತಿರುತ್ತಿದ್ದ, ದೇವರ ಪಟದ ಮೇಲೆ ಕೈಯಿಟ್ಟವನ ಹಾಗೆ. ಸ್ಕ್ರಿಪ್ಟಿನ ಪ್ರತಿ ಸಾಲು ಏನು ಮಾಡುತ್ತದೆಂದು ಅವಳಿಂದ ಕೇಳಿ, ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಎಡಗೈಯಲ್ಲಿ, ತಮಿಳಿನಲ್ಲಿ, ಕೋಳಿ ಕೆದರಿದ ಹಾಗೆ ಬರೆದಿಟ್ಟುಕೊಂಡ. ಕೊನೆಯ ಬೆಳಿಗ್ಗೆ ಎಲ್ಲ ಮುಗಿಯಿತೆನ್ನುವಾಗ ಅವನಿಗೆ ಒಂದು ನೆನಪಾಯಿತು. ಉದ್ದವನ್ನು ನೂರಕ್ಕೆ ಆರು, ಅಗಲವನ್ನು ನೂರಕ್ಕೆ ನಾಲ್ಕು ಹೆಚ್ಚಿಸು, ಅದಿಲ್ಲದಿದ್ದರೆ ಬನಿಯನ್ನೇ ಅಲ್ಲ ಎಂದ. ಏಕೆಂದು ಅವಳು ಕೇಳಲಿಲ್ಲ. ಮೂವತ್ತೇಳನೆಯ ಸಾಲಿನಲ್ಲಿ ಎರಡು ಅಂಕಿ ಸೇರಿಸಿದಳು. ಬನಿಯನ್ ಬೆಳೆಯಿತು, ಉಸಿರಾಡಿತು, ಮದುವೆಯಾಯಿತು, ಮುದಿಯಾಯಿತು. ಶ್ರೀವಾಣಿಗೆ ಕಣ್ಣಲ್ಲಿ ನೀರು ಬಂತು. ಚೆನ್ನಕೇಶವನ್ ಕಂಕುಳಿನ ಬಾಗು ಸರಿಯಿದೆ ಎಂದ.

ಮರುದಿನ, ಪ್ರದರ್ಶನಕ್ಕೆ ಒಂದೇ ದಿನ ಉಳಿದಿತ್ತು. ಸಾಗಣೆಯ ವಾರವಾದ್ದರಿಂದ ಸೆಲ್ಲಪ್ಪನ್ ಕಾರ್ಖಾನೆ ಬಿಟ್ಟು ಬರುವಂತಿರಲಿಲ್ಲ. ವೇಲುಸಾಮಿ ತನ್ನ ಓಮ್ನಿಯಲ್ಲಿ ಕಂಪ್ಯೂಟರನ್ನೇ ಹೇರಿಕೊಂಡು ತಿರುಪ್ಪೂರಿಗೆ ಹೊರಟ. ಚೆನ್ನಕೇಶವನ್ ಹಿಂದಿನ ಸೀಟಿನಲ್ಲಿ ಅದನ್ನು ಮಗುವಿನ ಹಾಗೆ ತಬ್ಬಿ ಕೂತ. ಆ ಬೆಳಿಗ್ಗೆ ಸುಶೀಲಮ್ಮ ಡಬ್ಬಿಗೆ ಅನ್ನ ಹಾಕುತ್ತ, ತಿರುಗಿ ನೋಡದೆ ಕೇಳಿದ್ದರು: "ಎಷ್ಟು ದಿವಸ ಕಂದಾ, ಸ್ಪೂನಲ್ಲೇ ತಿನ್ನೋದು?" ಅವನು ಇವತ್ತೊಂದು ದಿವಸ ಎಂದಿದ್ದ. ಅವರು ಚಮಚವನ್ನು ಕರ್ಚೀಫಿನಲ್ಲಿ ಸುತ್ತಿ ಕೊಟ್ಟಿದ್ದರು.

ಕಂಪನಿಯ ಹೆಸರನ್ನು ಚಿತ್ರದ ಕೆಳಗೆ ವೇಲುಸಾಮಿಯೇ ಹಿಂದಿನ ಸಂಜೆ ಸೇರಿಸಿದ್ದ. ಸೆಲ್ಲಪ್ಪನ್ ಒಗೆಸಿ ಇಸ್ತ್ರಿ ಹಾಕಿಸಿ ಕಳಿಸಿದ ನೂರಹತ್ತರ ಬನಿಯನ್ನನ್ನು ಅಳೆದು, ಅದರ ಅಂಚು ಎಲ್ಲಿಗೆ ಬರುತ್ತದೋ ಅಲ್ಲಿಗೆ ಒಂದು ಬೆರಳು ಕೆಳಗೆ ಕೂರಿಸಿದ್ದ. ಹೆಸರನ್ನೂ ಬನಿಯನ್ನನ್ನೂ ಒಟ್ಟಿಗೆ ಕೊನೆಯವರೆಗೆ ಯಾರೂ ನೋಡಿರಲಿಲ್ಲ.

ಸೆಲ್ಲಪ್ಪನ್ ಆಫೀಸಿನಲ್ಲಿ, ಗೋಡೆಯಾಚೆ ಹೊಲಿಗೆ ಯಂತ್ರಗಳು ಗುಂಯ್‌ಗುಡುತ್ತಿರಲು, ಚಿತ್ರ ಓಡಿತು. ತೊಟ್ಟಿಲಲ್ಲಿ ಎಲ್ಲ ಸರಿ. ಶಾಲೆಯಲ್ಲಿ ಸರಿ. ಮದುವೆಯಲ್ಲಿ ಅಂಚು ಹೆಸರಿನ ನೆತ್ತಿಗೆ ತಾಗಿತು. ಮೊಮ್ಮಗು ಬರುವ ಹೊತ್ತಿಗೆ ಬನಿಯನ್ ಕೆಳಗಿಳಿದು ಕಂಪನಿಯ ಹೆಸರಿನ ಮೇಲರ್ಧವನ್ನು ನುಂಗಿತ್ತು. ಸೆಲ್ಲಪ್ಪನ್ ಎಂಬ ಹೆಸರಿನಲ್ಲಿ ಉಳಿದದ್ದು ಅಕ್ಷರಗಳ ಪಾದ ಮಾತ್ರ. ಅಜ್ಜ ನಿಧಾನವಾಗಿ ಉಸಿರಾಡಿದ ಹಾಗೆಲ್ಲ ಆ ಪಾದಗಳೂ ಮುಳುಗಿ ಏಳುತ್ತಿದ್ದವು.

ವೇಲುಸಾಮಿ ಬೆವರಿದ. ಪ್ರದರ್ಶನ ನಾಳೆ ಬೆಳಿಗ್ಗೆ ಹತ್ತಕ್ಕೆ. ಕೈಯಲ್ಲಿ ತಿದ್ದುವುದಾದರೆ ಕಡೆಯ ನಾನ್ನೂರು ಚಿತ್ರವನ್ನು ಮತ್ತೆ ಮಾಡಬೇಕು, ಅದಕ್ಕೆ ಈ ಮನುಷ್ಯನಿಗೆ ತಿಂಗಳು ಬೇಕು. ಅವನು ಸೆಲ್ಲಪ್ಪನ್ ಕಡೆ ತಿರುಗಿ ಕ್ಷಮೆ ಕೇಳಿದ. ಒಂದನೇ ತಾರೀಖಿನಿಂದ ಚೆನ್ನೈಯ ಹೊಸಬರು ಬರುತ್ತಾರೆ, ಇನ್ನು ಮೇಲೆ ಹೀಗಾಗುವುದಿಲ್ಲ ಎಂದ. ಚೆನ್ನಕೇಶವನ್ ಪಕ್ಕದಲ್ಲೇ ನಿಂತಿದ್ದ. ಹತ್ತು ವರ್ಷದ ಕುರ್ಚಿ ಅವನ ಎದುರಿಗೇ, ಯಂತ್ರಗಳ ಸದ್ದಿನಲ್ಲಿ, ಬೇರೆಯವರದಾಯಿತು. ಅವನಿಗೆ ಕೊಟ್ಟ ಟೀ ಲೋಟ ಬಲಗೈಗೆ ಹೋಗಿ, ನಿಲ್ಲದೆ, ನೆಲಕ್ಕೆ ಬಿದ್ದು ಒಡೆಯಿತು.

ಸೆಲ್ಲಪ್ಪನ್ 'ಇರಲಿ ಬಿಡಿ' ಎನ್ನಲಿಲ್ಲ, ಗಾಜಿನ ಕಡೆ ನೋಡಲೂ ಇಲ್ಲ. ಅವರು ಪರದೆಗೆ ಮೂಗು ತಾಗಿಸಿದ ಹಾಗೆ ಬಗ್ಗಿದ್ದರು. ಕಂಕುಳು ನೋಡಿದರು. ಕತ್ತು ನೋಡಿದರು. ಗೇಣಿನಿಂದ ಭುಜ ಅಳೆದರು. ಆಮೇಲೆ ತಿರುಗಿ, ಚೆನ್ನಕೇಶವನ್ನನನ್ನು ಮೊದಲ ಸಲ ಮುಂಭಾಗದಿಂದ ನೋಡಿದರು.

"ಸುರುಕ್ಕಂ ಎಷ್ಟು ಬಿಟ್ಟಿದ್ದೀಯ ತಂಬಿ?"

"ಉದ್ದಕ್ಕೆ ಆರು, ಅಗಲಕ್ಕೆ ನಾಲ್ಕು, ಅಯ್ಯಾ." ಉತ್ತರ ಬಾಯಿಂದ ತಾನಾಗಿ ಬಂದಿತ್ತು. ಬಂದ ಮೇಲೆ ಅವನಿಗೆ ಅರ್ಥವಾಯಿತು.

ಹತ್ತಿಯ ಹೆಣಿಗೆ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ; ಅದೇ ಸುರುಕ್ಕಂ. ಆದ್ದರಿಂದ ತಿರುಪ್ಪೂರಿನ ಯಾವ ಕಟಿಂಗ್ ಮಾಸ್ಟರನೂ ಬನಿಯನ್ನನ್ನು ಬೇಕಾದ ಅಳತೆಗೆ ಕತ್ತರಿಸುವುದಿಲ್ಲ; ಕುಗ್ಗುವಷ್ಟನ್ನು ಸೇರಿಸಿ ದೊಡ್ಡದಾಗಿ ಕತ್ತರಿಸುತ್ತಾನೆ. ಚೆನ್ನಕೇಶವನ್ ಅದನ್ನೇ ಮಾಡಿದ್ದ. ಪರದೆಯ ಮೇಲಿನ ಬನಿಯನ್ನಿಗೂ, ಒಗೆದಾಗ ಕುಗ್ಗುತ್ತದೆಂದು, ನೂರಕ್ಕೆ ಆರು ಸೇರಿಸಿದ್ದ.

"ಸಿನಿಮಾವನ್ನ ಯಾರು ಒಗೀತಾರೆ ತಂಬಿ?" ಎಂದು ಕೇಳಿದರು ಸೆಲ್ಲಪ್ಪನ್. ಅವರ ಹೊಟ್ಟೆ ಕುಣಿಯತೊಡಗಿತ್ತು, ಮುಖ ಇನ್ನೂ ಗಂಭೀರವಾಗಿತ್ತು. ಮೊದಲ ಹನ್ನೊಂದು ವರ್ಷ ತಾವೂ ಇನ್ನೊಬ್ಬರ ಕಟಿಂಗ್ ಟೇಬಲ್ಲಿನಲ್ಲಿ ನಿಂತವರು ಅವರು. ಇದು ಮಾಸ್ಟರ್ ಕೈ, ಕೋರ್ಸ್ ಕೈಯಲ್ಲ ಎಂದು ವೇಲುಸಾಮಿಗೆ ಹೇಳಿದರು. ವೇಲುಸಾಮಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದ.

ಚೆನ್ನಕೇಶವನ್ ಚೀಲದಿಂದ ಎರಡು ವಸ್ತು ತೆಗೆದ. ಒಂದು ಕ್ಯಾಲೆಂಡರ್ ಹಾಳೆ. ಇನ್ನೊಂದು ನೀಲಿ ಪಟ್ಟಿ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಪಟ್ಟಿಯನ್ನು ಎಲ್ಲರೆದುರು ಹಲ್ಲಿನಿಂದ ಎಳೆದು ಬಲಗೈಗೆ ಕಟ್ಟಿಕೊಂಡ. ಕೂತು, ಹಾಳೆ ನೋಡಿ, ಮೂವತ್ತೇಳನೆಯ ಸಾಲು ಹುಡುಕಿ, ಎಡಗೈಯ ಒಂದೇ ಬೆರಳಿನಿಂದ ಆರನ್ನು ಅಳಿಸಿ ಸೊನ್ನೆ ಹಾಕಿದ, ನಾಲ್ಕನ್ನು ಅಳಿಸಿ ಸೊನ್ನೆ ಹಾಕಿದ, ಒಂದು ಗುಂಡಿ ಒತ್ತಿದ. ಹದಿನಾರು ಸಾವಿರ ಚುಕ್ಕಿಗಳು ಮೂವತ್ತೆರಡು ಸಾವಿರ ಮೀಸೆಗಳೊಂದಿಗೆ ಎದ್ದು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಎರಡು ನಿಮಿಷ ಹಿಡಿಯಿತು. ಅಜ್ಜನ ಬನಿಯನ್ ಮೇಲಕ್ಕೆ ಸರಿದು, ಸೆಲ್ಲಪ್ಪನ್ ಹೆಸರು ಪೂರ್ತಿಯಾಗಿ ಹೊರಗೆ ಬಂತು.

ವೇಲುಸಾಮಿ ಪಟ್ಟಿಯನ್ನು ನೋಡಿದ, ಪರದೆಯನ್ನು ನೋಡಿದ, ಮತ್ತೆ ಪಟ್ಟಿಯನ್ನು ನೋಡಿದ. ಎಷ್ಟು ದಿನದಿಂದ ಎಂದು ಕೇಳಿದ. ಎರಡು ತಿಂಗಳು ಎಂದ ಚೆನ್ನಕೇಶವನ್. ಹಾಗಾದರೆ ಇದನ್ನು ಯಾವ ಕೈಯಲ್ಲಿ ಮಾಡಿದಿರಿ ಎಂದ. ವಾಣಿಯ ಕೈಯಲ್ಲಿ ಎಂದ ಚೆನ್ನಕೇಶವನ್, ಅಂಕಿ ಮಾತ್ರ ನನ್ನವು. ವೇಲುಸಾಮಿ ಸ್ವಲ್ಪ ಹೊತ್ತು ಗಲ್ಲ ತುರಿಸಿಕೊಂಡ. ಮನಸ್ಸಿನೊಳಗೆ ಚೆನ್ನೈಯ ಇಬ್ಬರು ರೈಲು ಹತ್ತಿ ವಾಪಸು ಹೊರಟಂತೆ ಕಂಡಿತು. ಸೆಲ್ಲಪ್ಪನ್ ಅದಕ್ಕೆ ಹಸಿರು ಬಾವುಟ ತೋರಿಸಿದರು: ಮಳೆಗಾಲಕ್ಕೆ ಹೆಂಗಸರ ಐಟಂ ಇಳಿಸುತ್ತಿದ್ದೇನೆ, ಆ ಚಿತ್ರವೂ ಈ ತಂಬಿಯದೇ, ಇವನು ಯಾವ ಕುರ್ಚಿಯಲ್ಲಿ ಕೂತಿರುತ್ತಾನೋ ಅಲ್ಲಿಗೆ ನಾನು ಬರುತ್ತೇನೆ. ವೇಲುಸಾಮಿ, ಕಿಟಕಿ ಪಕ್ಕದ ಕುರ್ಚಿ ಅಯ್ಯಾ, ನೀವು ನೋಡಿದ್ದೀರಲ್ಲ, ಅದೇ ಎಂದ. ಆರು ವಾರ ಮೌಸು ಮುಟ್ಟಬಾರದಂತೆ ಎಂದು ಚೆನ್ನಕೇಶವನ್ ಮೆಲ್ಲನೆ ಸೇರಿಸಿದ. ಮುಟ್ಟಬೇಡಿ, ಕಣ್ಣು ಮುಚ್ಚಿ ಕೂತು ಅಂಕಿ ಹೇಳಿ ಎಂದ ವೇಲುಸಾಮಿ; ಅವನ ಕಣ್ಣಿನಲ್ಲಿ ಆಗಲೇ ಹೊಸ ಪುರಾಣವೊಂದು ಮೊಳೆಯುತ್ತಿತ್ತು.

ಕಂಪ್ಯೂಟರನ್ನು ಮತ್ತೆ ಓಮ್ನಿಗೆ ಹೇರಿದರು. ಹೊರಡುವಾಗ ಸೆಲ್ಲಪ್ಪನ್ ಗೇಟಿನವರೆಗೆ ಬಂದರು. ಚಪ್ಪಲಿ ಬಿಟ್ಟು, ಕೈ ಜೋಡಿಸಿ, ಮೊದಲ ದಿನದಿಂದ ಮನಸ್ಸಿನಲ್ಲಿಟ್ಟಿದ್ದನ್ನು ಕೇಳಿದರು. ಬಲಕ್ಕಲ್ಲದೆ ಸುತ್ತುವುದಿಲ್ಲವಂತಲ್ಲ, ಆ ಹರಕೆಯ ಪುಣ್ಯವೇ ಇವತ್ತು ನನ್ನ ಹೆಸರು ಉಳಿಸಿತು, ನಾನೂ ಹಾಗೇ ನಡೆಯಬೇಕೆಂದಿದ್ದೇನೆ, ನಿಯಮ ಯಾವುದು, ದೇವರು ಯಾವುದು, ಹೇಳಬೇಕು ಎಂದರು. ವೇಲುಸಾಮಿ ಸ್ಟೀರಿಂಗ್ ಹಿಂದಿನಿಂದ ಕಣ್ಣಲ್ಲೇ ಬೇಡಿಕೊಂಡ.

ಚೆನ್ನಕೇಶವನ್ ಸ್ವಲ್ಪ ಯೋಚಿಸಿ ಹೇಳಿದ: "ನಾನು ಕಲಿತ ಕಡೆ ಕಟಿಂಗ್ ಟೇಬಲ್ಲನ್ನ ಎಡಗಡೆ ಗೋಡೆಗೆ ಒತ್ತಿ ಹಾಕಿದ್ರು ಅಯ್ಯಾ. ನಿಂತು ಗೆರೆ ಶುರು ಮಾಡೋಕೆ ಜಾಗ ಬಲಗಡೆ ಮಾತ್ರ ಇತ್ತು."